ಒಂದೇ ವೈರಿನ ಎರಡು ತುದಿ

"ಉಸಿರು ಹಿಡ್ಕೊಳ್ಳಿ."

ಹಿಡಿದುಕೊಂಡೆ.

ಮೇಜಿನ ಕೆಳಗೆ ಮಂಡಿಯೂರಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಧೂಳು ಹಿಡಿದ ವೈರುಗಳ ಗೋಜಲಿನಲ್ಲಿ ಯಾವುದು ಎಲ್ಲಿಂದ ಬಂದದ್ದೆಂದು ಹುಡುಕುತ್ತಿದ್ದವಳು ನಾನು. ಅಷ್ಟು ಗಂಭೀರವಾದ, ಅಷ್ಟು ಮೆತ್ತಗಿನ ಗಂಡಸಿನ ದನಿ ತಲೆಯ ಮೇಲಿಂದ ಬಂದರೆ ಯಾರಾದರೂ ಮಾತು ಕೇಳುತ್ತಾರೆ. ಏನೋ ಶಾಕ್ ಹೊಡೆಯುವ ಅಪಾಯವಿರಬೇಕು ಎಂದುಕೊಂಡೆ.

"ಅಲ್ಲಾಡಬೇಡಿ... ಹಾಗೇ... ಹಾಗೇ ಇರಿ..."

ಇದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಬಿಡಿ."

ಬಿಟ್ಟೆ. ಟಾರ್ಚು ನೆಲಕ್ಕೆ ಬಿದ್ದು ಉರುಳಿತು. ಆ ಸದ್ದಿಗೆ ಅವನು ಬಗ್ಗಿ ನೋಡಿದ. ಕೆಂಪಾದ ನನ್ನ ಮುಖ ನೋಡಿ ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ಆದರೆ ಅದನ್ನು ತುಟಿಯ ಒಳಗೇ ತಡೆದುಕೊಂಡು, ಗಾಜಿನ ಆಚೆ ಯಂತ್ರಕ್ಕೆ ಎದೆಯೊತ್ತಿ ನಿಂತಿದ್ದ ಅಜ್ಜನ ಕಡೆ ಕೈ ತೋರಿಸಿದ.

"ನಿಮಗಲ್ಲ ಮೇಡಂ. ಅವರಿಗೆ."

ಅವನು ಆ ಸ್ಕ್ಯಾನಿಂಗ್ ಸೆಂಟರಿನ ಎಕ್ಸ್‌ರೇ ಟೆಕ್ನಿಷಿಯನ್. ಎಲ್ಲರೂ ಅವನನ್ನು ಎಕ್ಸ್‌ರೇ ಎಂದೇ ಕರೆಯುತ್ತಿದ್ದರು. ನಾನು ಅಂಗಡಿ, ಕ್ಲಿನಿಕ್ಕು, ಶಾಲೆಗಳ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಹಾಕಿಕೊಡುವವಳು. ಒಬ್ಬಳೇ ಕೆಲಸ ಮಾಡುತ್ತೇನೆ, ಒಬ್ಬಳೇ ಜಗಳವಾಡುತ್ತೇನೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಅಂದು ಮಾತ್ರ ಅದು ಅಲ್ಲಿರಲಿಲ್ಲ.

ನನ್ನನ್ನು ಕರೆಸಿದ ಕಾರಣ ಇಷ್ಟೆ. ಅವನು ಕೆಳಗೆ ತೆಗೆದ ಎಕ್ಸ್‌ರೇ ಚಿತ್ರ ಮಹಡಿಯ ಮೇಲೆ ಡಾಕ್ಟರಮ್ಮನ ಪರದೆಗೆ ತಲುಪಬೇಕು. ತಲುಪುತ್ತಿತ್ತು, ಆದರೆ ಆಮೆಯ ಹಾಗೆ. "ಚಿತ್ರ ಮೇಲೆ ಹೋಗೋ ಹೊತ್ತಿಗೆ ರೋಗಿ ಮನೆಗೆ ಹೋಗಿ ಊಟ ಮಾಡಿ ಬರ್ತಾರಮ್ಮ" ಎಂದು ರಿಸೆಪ್ಷನ್ನಿನಲ್ಲಿ ಕೂತಿದ್ದ ಚಿಕ್ಕಮ್ಮ ನಾನು ಒಳಗೆ ಕಾಲಿಡುವ ಮೊದಲೇ ವರದಿ ಒಪ್ಪಿಸಿದ್ದರು. ಅವರು ಅವನಿಗೆ ಸ್ವಂತ ಚಿಕ್ಕಮ್ಮ, ತಾಯಿಯಿಲ್ಲದ ಅವನನ್ನು ಸಾಕಿದವರು. ಸೆಂಟರಿನ ಉಳಿದವರಿಗೆಲ್ಲ ಬಾಯಿಮಾತಿನ ಚಿಕ್ಕಮ್ಮ. ಯಾರ ಮನೆಯಲ್ಲಿ ಏನಾಯಿತು ಎಂಬುದು ಅವರ ಕಿವಿಗೆ ಬಿದ್ದರೆ ಮೂರೂ ಮಹಡಿಗೆ ಡಂಗುರ ಸಾರಿದಂತೆಯೇ.

ಮೇಜಿನ ಕೆಳಗೆ ಸಿಕ್ಕಿದ ಹಳೇ ಪೆಟ್ಟಿಗೆಯನ್ನು ಎಳೆದು ಅವನ ಮುಂದಿಟ್ಟೆ.

"ಇದು ಹಬ್. ಇನ್ನೂ ಬದುಕಿದೆ ನೋಡಿ, ಗಟ್ಟಿ ಆಯುಸ್ಸು. ನಿಮ್ಮ ತೊಂದರೆಗೆಲ್ಲ ಇದೇ ಕಾರಣ."

"ಏನು ಮಾಡುತ್ತೆ ಇದು?"

"ಬಾಯಿಬಡುಕ. ಒಬ್ಬರಿಗೆ ಹೇಳು ಅಂತ ಕೊಟ್ಟಿದ್ದನ್ನ ಎಲ್ಲರಿಗೂ ಕೂಗಿ ಹೇಳುತ್ತೆ. ನೀವು ಡಾಕ್ಟರಮ್ಮನಿಗೆ ಅಂತ ಕಳಿಸಿದ ಚಿತ್ರ ರಿಸೆಪ್ಷನ್ನಿಗೂ ಹೋಗುತ್ತೆ, ಲ್ಯಾಬಿಗೂ ಹೋಗುತ್ತೆ, ಪ್ರಿಂಟರಿಗೂ ಹೋಗುತ್ತೆ. ಅವರೆಲ್ಲ 'ನಮಗಲ್ಲ' ಅಂತ ಬಿಸಾಕ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ಮಾತಾಡಿದ್ರೆ ಎರಡೂ ಕಲಸುಮೇಲೋಗರ. ಇಬ್ಬರೂ ಮತ್ತೆ ಮೊದಲಿಂದ ಹೇಳಬೇಕು."

ಅವನು ಬಾಗಿಲಾಚೆ ರಿಸೆಪ್ಷನ್ನಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಈ ಥರದ್ದು ನಮ್ಮನೇಲೂ ಒಂದಿದೆ" ಎಂದ.

ನಾನು ನಕ್ಕೆ. ಅವನು ನಗಲಿಲ್ಲ. ನಗಿಸಿದ ಮೇಲೆ ಹೆದರಿದವನ ಹಾಗೆ ಮುಖ ತಿರುಗಿಸಿ, ಗೋಡೆಗೆ ನೇತುಹಾಕಿದ, ಎಕ್ಸ್‌ರೇ ಕಿರಣ ತಡೆಯುವ ಸೀಸದ ಏಪ್ರನ್ನುಗಳನ್ನು ಸರಿಮಾಡತೊಡಗಿದ. ಅವು ಮೊದಲೇ ಸಾಲಾಗಿ, ನೆಟ್ಟಗೆ, ಒಂದೇ ಕಡೆ ಮುಖಮಾಡಿ ನಿಂತಿದ್ದವು.

ಹಬ್ ಇದ್ದ ಜಾಗಕ್ಕೆಂದು ನಾನು ತಂದಿದ್ದ, ಸ್ವಿಚ್ಚು ಎಂಬ ಹೊಸ ಪೆಟ್ಟಿಗೆಯನ್ನು ಅವನ ಕೋಣೆಯ ಗೋಡೆಗೆ ಕೂರಿಸುತ್ತ ಹೋದೆ. ವೈರು ಸಿಕ್ಕಿಸುವ ಎಂಟು ಕಿಂಡಿ, ಒಂದೊಂದಕ್ಕೂ ಒಂದೊಂದು ಹಸಿರು ದೀಪ. ಅವನು ಕೆಲಸದ ನಡುವೆ ಬಂದು ಬಂದು ನಿಲ್ಲುತ್ತಿದ್ದ.

"ಇದು ಕೂಗಲ್ವಾ?"

"ಇಲ್ಲ. ಇದು ಕೇಳಿಸಿಕೊಳ್ಳುತ್ತೆ. ಪ್ರತಿ ಕಂಪ್ಯೂಟರಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ವಿಳಾಸ ಇರುತ್ತೆ. ಯಾರ ದನಿ ಯಾವ ಕಿಂಡಿಯಿಂದ ಬಂತು ಅಂತ ಗುರುತಿಟ್ಟುಕೊಳ್ಳುತ್ತೆ. ಆಮೇಲೆ ಅವರಿಗೆ ಬಂದದ್ದನ್ನ ಆ ಕಿಂಡಿಗೆ ಮಾತ್ರ ಕೊಡುತ್ತೆ. ಪಕ್ಕದವರಿಗೂ ಗೊತ್ತಾಗಲ್ಲ."

"ಒಂದು ಸಲಾನೂ ಮಾತಾಡದೇ ಇದ್ದೋರಿಗೆ ಏನಾದ್ರೂ ಬಂದ್ರೆ?"

ಒಳ್ಳೆಯ ಪ್ರಶ್ನೆ. ಹತ್ತು ಅಂಗಡಿ ಸುತ್ತಿದರೂ ಇದನ್ನು ಕೇಳುವವರು ಸಿಗುವುದಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಎಲ್ಲ ಬಾಗಿಲೂ ತಟ್ಟುತ್ತೆ. ಯಾರು ಓಗೊಡ್ತಾರೋ ಅವರನ್ನ ನೆನಪಿಟ್ಟುಕೊಳ್ಳುತ್ತೆ."

"ಓಗೊಟ್ಟು, ಆಮೇಲೆ ಸುಮ್ಮನಾಗಿಬಿಟ್ರೆ?"

"ಸ್ವಲ್ಪ ಹೊತ್ತು ಕಾಯುತ್ತೆ. ಆಮೇಲೆ ಮರೆತುಬಿಡುತ್ತೆ."

"ಪಾಪ."

"ಯಾರು, ಸ್ವಿಚ್ಚಾ?"

"ಅಲ್ಲ. ಸುಮ್ಮನಿದ್ದೋರು."

ಹೇಳಿ ನನ್ನ ಕಡೆ ನೋಡಿದ. ಬಲಗಣ್ಣಿನ ರೆಪ್ಪೆಯಲ್ಲಿ ಧೂಳಿನ ಒಂದು ಎಳೆ ಅಂಟಿತ್ತು. ಆ ಹಳೇ ಹಬ್ ಪೆಟ್ಟಿಗೆಯದೇ ಧೂಳು. ತೆಗೆಯಲು ಕೈ ಎತ್ತಿದೆ, ಮತ್ತೆ ಇಳಿಸಿದೆ. ಅವನು ಎರಡನ್ನೂ ನೋಡಿದ.

ಕೆಲಸ ಮುಗಿಯಿತು. ಮುಂದೆ ಇನ್ನೊಂದು ಯಂತ್ರ ಬಂದರೆ ಇರಲಿ ಎಂದು ಒಂದು ವೈರನ್ನು ಹೆಚ್ಚಿಗೆ ಹಾಕಿ, ಅದರ ಒಂದು ತುದಿಯನ್ನು ಸ್ವಿಚ್ಚಿಗೆ ಸಿಕ್ಕಿಸಿ, ಇನ್ನೊಂದನ್ನು ಹಾಗೇ ಇಳಿಬಿಟ್ಟು ಹೊರಟೆ. ಚಿತ್ರಗಳು ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಹೋಗುತ್ತಿದ್ದವು. ಡಾಕ್ಟರಮ್ಮ ಬೆನ್ನು ತಟ್ಟಿದರು.

ನಮ್ಮ ಕಸುಬಿನ ಹಣೆಬರಹ ನೋಡಿ. ಕೆಲಸ ಚೆನ್ನಾಗಿ ಮಾಡಿದರೆ ಯಾರೂ ಮತ್ತೆ ಕರೆಯುವುದಿಲ್ಲ. ಎಲ್ಲ ಸರಿಯಿರುವಷ್ಟು ದಿನ ಗೋಡೆಯ ಮೇಲೆ ಅಂಥದ್ದೊಂದು ಪೆಟ್ಟಿಗೆ ಇದೆಯೆಂಬುದೂ, ಅದನ್ನು ಕೂರಿಸಿದವಳೊಬ್ಬಳು ಇದ್ದಾಳೆಂಬುದೂ ಯಾರಿಗೂ ನೆನಪಿರುವುದಿಲ್ಲ. ಇದು ನನಗೆ ಹೆಮ್ಮೆಯ ವಿಷಯವಾಗಿತ್ತು. ಆ ಸೆಂಟರಿನ ವಿಷಯದಲ್ಲಿ ಮಾತ್ರ, ಫೋನು ಬಂದಾಗಲೆಲ್ಲ ಅಲ್ಲಿಂದಲೇ ಇರಬಹುದೇನೋ ಎಂದು ಓಡಿ ಹೋಗಿ ಎತ್ತುತ್ತಿದ್ದೆ. ಅವನು ಸುಮ್ಮನಿರುವ ಜಾತಿ ಎಂದು ಗೊತ್ತಿತ್ತು. ಆದರೂ ಅವನೇ ಕರೆಯಲಿ, ಅವನ ಬಾಯಿಂದಲೇ ಒಂದು ಮಾತು ಬರಲಿ ಎಂದು ಕಾದೆ. ನನಗೆ ಬೇಕಾಗಿದ್ದುದು ಅದೊಂದೇ.

ಫೋನು ಬಂತು. ಚಿಕ್ಕಮ್ಮನದು. "ಎಲ್ಲಾ ನಿಂತುಹೋಗಿದೆಯಮ್ಮ, ಬೇಗ ಬಾ!"

ಹೋಗಿ ನೋಡಿದರೆ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೇ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ನೋಡಿದ ಕೂಡಲೇ ಗೊತ್ತಾಯಿತು. ನಾನು ಇಳಿಬಿಟ್ಟಿದ್ದ ತುದಿಯನ್ನು ಯಾರೋ ನೀಟಾಗಿ ಮಡಚಿ ಅದೇ ಸ್ವಿಚ್ಚಿನ ಖಾಲಿ ಕಿಂಡಿಗೆ ಸಿಕ್ಕಿಸಿದ್ದರು. ಒಂದೇ ವೈರಿನ ಎರಡೂ ತುದಿ ಒಂದೇ ಪೆಟ್ಟಿಗೆಯಲ್ಲಿ.

"ಯಾರು ಮಾಡಿದ್ದು?"

"ನಾನೇ," ಎಂದ ಅವನು. ಕಿವಿಯ ತುದಿ ಕೆಂಪಾಗಿತ್ತು. "ನೇತಾಡ್ತಾ ಇತ್ತು. ನೋಡೋಕಾಗಲಿಲ್ಲ."

ಇಷ್ಟು ವರ್ಷದ ಕಸುಬಿನಲ್ಲಿ ಇಲಿ ಕಡಿದು ಕೆಟ್ಟಿದ್ದು ನೋಡಿದ್ದೇನೆ, ನೀರು ಬಿದ್ದು ಕೆಟ್ಟಿದ್ದು ನೋಡಿದ್ದೇನೆ. ಅಚ್ಚುಕಟ್ಟು ಹೆಚ್ಚಾಗಿ ಕೆಟ್ಟಿದ್ದು ಅದೇ ಮೊದಲು. ನಗು ತಡೆಯಲಾಗಲಿಲ್ಲ. ನಾನು ನಗುವುದನ್ನು ನೋಡಿ ಅವನಿಗೂ ತಡೆಯಲಾಗಲಿಲ್ಲ. ಕಟ್ಟೆಯೊಡೆದ ಹಾಗೆ ನಕ್ಕ. ಗಾಜಿನಾಚೆ ಕೂತಿದ್ದ ರೋಗಿ ಕೂಡ ಏನೂ ತಿಳಿಯದೆ ನಕ್ಕರು. ಬಾಗಿಲಲ್ಲಿ ಚಿಕ್ಕಮ್ಮ ಬಂದು ನಿಂತಿದ್ದರು, ಕಂಬದ ಹಾಗೆ.

"ಇದರಿಂದ ಏನಾಗುತ್ತೆ ಹಾಗಾದ್ರೆ?" ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ಒಬ್ಬರು ಎಲ್ಲರನ್ನೂ ಕೇಳೋ ಮಾತು ಅಂತ ಕೆಲವು ಇರುತ್ತೆ. 'ಪ್ರಿಂಟರ್ ಯಾರಪ್ಪಾ, ಎಲ್ಲಿದ್ದೀಯಾ?' ಅಂತ. ಅದು ಈ ತುದಿಯಿಂದ ಹೊರಗೆ ಹೋಗುತ್ತೆ, ಆ ತುದಿಯಿಂದ ಒಳಗೆ ಬರುತ್ತೆ. ಸ್ವಿಚ್ಚು ಪಾಪ, ಹೊಸ ಮಾತು ಅಂದುಕೊಂಡು ಮತ್ತೆ ಎಲ್ಲರಿಗೂ ಹಂಚುತ್ತೆ. ಅದು ಮತ್ತೆ ಸುತ್ತಿ ಬರುತ್ತೆ. ಒಂದು ಮಾತು ಸಾವಿರ ಆಗುತ್ತೆ, ಲಕ್ಷ ಆಗುತ್ತೆ. ನಿಜವಾಗಿ ಹೇಳಬೇಕಾದ್ದಕ್ಕೆ ಜಾಗವೇ ಇರಲ್ಲ."

"ಗೊತ್ತು," ಎಂದ. ನಗು ಇಳಿದಿತ್ತು. "ಹಾಗೆ ಸುತ್ತೋ ಮಾತು ನಂಗೊತ್ತು."

ಸಿಕ್ಕಿಸಿದ ತುದಿಯನ್ನು ಕಿತ್ತು, ಸುರುಳಿ ಸುತ್ತಿ ಮೊಳೆಗೆ ತಗುಲಿಹಾಕಿ ಬಂದೆ.

ಕೆಲವೇ ದಿನಗಳಲ್ಲಿ ಮತ್ತೆ ಅದೇ ಫೋನು, ಅದೇ ಹುಚ್ಚು ದೀಪಗಳು, ಅದೇ ತುದಿ.

"ಈ ಸಲ ನಾನಲ್ಲ," ಎಂದ ಅವನು, ನಾನು ಬಾಯಿ ತೆರೆಯುವ ಮೊದಲೇ.

"ಸರಿ ಸರಿ. ನಂಬಿದೆ."

ನಂಬಿದವಳ ಮುಖ ನನ್ನದಾಗಿರಲಿಲ್ಲ. ಒಳಗೊಳಗೇ ಹಿಗ್ಗುತ್ತಿದ್ದೆ. ಬಾಯಿ ಬಿಟ್ಟು ಕರೆಯಲಾಗದವನು ಕಂಡುಕೊಂಡ ದಾರಿ ಇದು ಎಂದುಕೊಂಡೆ. ಅವನು ಇನ್ನೇನೋ ಹೇಳಲು ಹೊರಟು, ನನ್ನ ನಗು ನೋಡಿ ಅಲ್ಲೇ ನಿಲ್ಲಿಸಿದ. ಚಿಕ್ಕಮ್ಮ ಕಾಫಿ ತಂದಿಟ್ಟು, "ನಿಧಾನವಾಗಿ ಮಾಡಮ್ಮ, ಏನು ಅವಸರ?" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದರು. ತುದಿ ಕಿತ್ತು ಮತ್ತೆ ಅದೇ ಮೊಳೆಗೆ ತಗುಲಿಹಾಕುವ ಕ್ಷಣದ ಕೆಲಸಕ್ಕೆ ನಾನು ಕಾಫಿ ಆರುವವರೆಗೂ ಇದ್ದೆ. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ ಎಂದು ಅವನು ಪರದೆಯ ಮೇಲೆ ತೋರಿಸಿದ. ಅವನ ಬೆರಳು ಪರದೆಗೆ ತಾಗದೆ, ಸ್ವಲ್ಪ ದೂರದಲ್ಲೇ ಆ ಗೆರೆಯುದ್ದಕ್ಕೂ ಚಲಿಸಿತು. ನೋವಿರುವ ಜಾಗವನ್ನು ಚಿತ್ರದಲ್ಲಿ ಕೂಡ ಮುಟ್ಟದ ಮನುಷ್ಯ ಎಂದು ನನಗೆ ಅವನ ಮೇಲೆ ತುಂಬ ಪ್ರೀತಿ ಬಂತು.

ಮೂರನೆಯ ಸಲದ ಫೋನು ಡಾಕ್ಟರಮ್ಮನದು. "ಕೂಡಲೇ ಬನ್ನಿ" ಎಂಬ ಎರಡೇ ಶಬ್ದ.

ಹೋದಾಗ ಹಾಲ್ ತುಂಬ ಜನ. ಆಟವಾಡುತ್ತ ಬಿದ್ದ ಒಂದು ಪುಟ್ಟ ಹುಡುಗಿ ಊದಿದ ಕೈಯನ್ನು ಎದೆಗೊತ್ತಿಕೊಂಡು ಅಪ್ಪನ ತೊಡೆಯ ಮೇಲೆ ನರಳುತ್ತಿದ್ದಳು. ಅಳುವುದಕ್ಕೂ ಅವಳಲ್ಲಿ ಶಕ್ತಿಯಿರಲಿಲ್ಲ. ಚಿತ್ರ ತೆಗೆದಾಗಿತ್ತು, ಮೇಲಕ್ಕೆ ಹೋಗುತ್ತಿರಲಿಲ್ಲ. ಕೊನೆಗೆ ಮಂಡಿನೋವಿದ್ದ ಡಾಕ್ಟರಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದು, ಅವನ ಪರದೆಯಲ್ಲೇ ನೋಡಿ, ಮಗುವಿನ ಕೈಗೆ ಪ್ಲಾಸ್ಟರ್ ಹಾಕಲು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇನ್ನೊಂದು ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಅವಮಾನಕ್ಕಿಂತ ಹೆಚ್ಚಾಗಿ ಆ ಮಗುವಿನ ಮುಖ ನನ್ನನ್ನು ಸುಟ್ಟಿತು. ಗಾಜಿನ ಕೋಣೆಗೆ ಹೋದರೆ ಮತ್ತೆ ಅದೇ ವೈರು. ಅದರ ಎರಡೂ ತುದಿ ಕಿತ್ತು ಚೀಲಕ್ಕೆ ತುರುಕಿದೆ.

"ನನ್ನ ನೋಡಬೇಕಿದ್ರೆ ಫೋನ್ ಮಾಡಬಹುದಿತ್ತು."

ಅವನು ಬೆಚ್ಚಿದ. "ನಾನಲ್ಲ."

"ಮತ್ಯಾರು? ದೆವ್ವ ಬಂದು ಸಿಕ್ಕಿಸಿತಾ? ಬೀಗ ಹಾಕೋ ಕೋಣೆ ನಿಮ್ಮದು. ಬೀಗದ ಕೈ ನಿಮ್ಮ ಹತ್ರ."

ಅವನ ಬಾಯಿ ತೆರೆಯಿತು. ಕಣ್ಣು ಬಾಗಿಲಾಚೆ ಹೋಯಿತು. ಬಾಯಿ ಮತ್ತೆ ಮುಚ್ಚಿತು. ಆ ಮೌನ ನನಗೆ ತಪ್ಪೊಪ್ಪಿಗೆಯಂತೆ ಕಂಡಿತು.

"ಇಷ್ಟ ಇದ್ರೆ ಹೇಳಬೇಕಿತ್ತು. ಹೇಳೋಕಾಗದಿದ್ರೆ ಸುಮ್ಮನಿರಬೇಕಿತ್ತು. ನನ್ನ ಕೆಲಸಾನ, ಆ ಮಗು ನೋವನ್ನ ಆಟದ ಸಾಮಾನು ಮಾಡ್ಕೊಂಡ್ರಿ."

ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತೆ. ಚೀಲವನ್ನು ಕಾಲಿನ ಬಳಿ ಇಟ್ಟು ಕೀಲಿ ಹಾಕಿದೆ. ಹಿಂದಿನಿಂದ ಏದುಸಿರು ಕೇಳಿಸಿತು. ಚಿಕ್ಕಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ ಬಂದಿದ್ದರು.

"ಅವನನ್ನ ಬೈಬೇಡಮ್ಮ. ಸಿಕ್ಕಿಸಿದ್ದು ಈ ಕೈ." ಬಲಗೈಯನ್ನು ನನ್ನ ಮುಂದೆ ಹಿಡಿದರು.

"ನೀವಾ?"

"ಮೊದಲನೇ ಸಲ ಅವನೇ. ಆಮೇಲಿನ ಎರಡೂ ನಂದು. ಅವನು ಊಟಕ್ಕೆ ಹೋಗುವಾಗ ಬೀಗದ ಕೈ ನನ್ನ ಮೇಜಿನ ಮೇಲೇ ಇಟ್ಟು ಹೋಗ್ತಾನೆ."

"ಯಾಕೆ ಚಿಕ್ಕಮ್ಮ?"

"ಅವತ್ತು ಅವನು ನಕ್ಕನಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. "ಎರಡು ವರ್ಷದ ಹಿಂದೆ ಅವನಿಗೊಂದು ಸಂಬಂಧ ಗೊತ್ತಾಗಿತ್ತು. ಹುಡುಗಿ ಮನಸ್ಸು ಬೇರೆ ಕಡೆ ಇತ್ತು, ಬಿಟ್ಟು ಹೋಯ್ತು. ಅದನ್ನ ಅವನು ನನಗೊಬ್ಬಳಿಗೇ ಹೇಳಿದ್ದ. ನಾನು ಹೊಟ್ಟೆ ಸಂಕಟಕ್ಕೆ ಇನ್ನೊಬ್ಬರ ಹತ್ರ ಹೇಳ್ಕೊಂಡೆ. ಅವರು ಮತ್ತೊಬ್ಬರಿಗೆ. ಬೀದಿಗೆ ಹೋದ್ರೆ ಅದೇ ಮಾತು, ಕೆಲಸಕ್ಕೆ ಬಂದ್ರೆ ಅದೇ ಮಾತು. ಅವತ್ತಿಂದ ನನ್ನ ಮಗು ಯಾರ ಹತ್ರಾನೂ ಏನೂ ಹೇಳಲ್ಲ. ಬಾಯಿಂದ ಕೆಡಿಸಿದ್ದೆ ಅಲ್ವಾ ಅಮ್ಮ? ಅದಕ್ಕೇ ಈ ಸಲ ಬಾಯಿ ಬಿಡಲಿಲ್ಲ. ಕೈಯಲ್ಲಿ ಮಾಡಿದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅವರಿಗೆ ಗೊತ್ತಿತ್ತಾ?"

"ಎರಡನೇ ಸಲಾನೇ ಗೊತ್ತಾಯ್ತು. ಬೈದ. ಇನ್ನು ಮಾಡಲ್ಲ ಅಂತ ಮಾತು ಕೊಟ್ಟಿದ್ದೆ. ಇವತ್ತು ಆ ಮಗು ಬರುತ್ತೆ ಅಂತ ನನಗೇನು ಗೊತ್ತು? ಅವನೂ ನನ್ನ ಮಾತು ನಂಬಿ ಆ ವೈರಿನ ಕಡೆ ನೋಡಲೇ ಇಲ್ಲ. ಓಡಿ ಹೋಗಿ ಕೀಳೋಣ ಅಂದ್ರೆ ಕೋಣೆ ತುಂಬ ಜನ." ಸೆಂಟರಿನ ಕಡೆ ತಿರುಗಿದರು. "ಡಾಕ್ಟರಮ್ಮನಿಗೆ ನಾನೇ ಹೇಳ್ತೀನಿ. ಕೆಲಸ ಹೋದ್ರೂ ಹೋಗ್ಲಿ."

ಹೇಳಿದರು ಕೂಡ. ಡಾಕ್ಟರಮ್ಮ ಇಡೀ ಸೆಂಟರ್ ಕೇಳುವಂತೆ ಬೈದು, ಆಮೇಲೆ ಒಳಗೆ ಕರೆದು ಕುಡಿಯಲು ನೀರು ಕೊಟ್ಟು, ಅಳು ನಿಲ್ಲುವವರೆಗೂ ಕೂರಿಸಿಕೊಂಡಿದ್ದರಂತೆ. ಚಿಕ್ಕಮ್ಮನ ಕುರ್ಚಿ ಉಳಿಯಿತು. ನನಗೆ ಡಾಕ್ಟರಮ್ಮ ಹೇಳಿದ್ದು ಇಷ್ಟು: "ತಪ್ಪು ನಿನ್ನದಲ್ಲ ಅಂತ ಗೊತ್ತಾಯ್ತಮ್ಮ. ಆದ್ರೆ ಯಾರು ಏನು ಮಾಡಿದ್ರೂ ನಿಲ್ಲದ ಹಾಗೆ ಮಾಡೋದು ನಿನ್ನ ಕೆಲಸ ಅಲ್ವಾ?"

ಹೌದು, ನನ್ನದೇ ಕೆಲಸ. ಅಂಥ ಸ್ವಿಚ್ಚು ಇದೆ. ತಾನು ಕಳಿಸಿದ್ದು ತನಗೇ ತಿರುಗಿ ಬಂದರೆ ಗುರುತು ಹಿಡಿದು, ಆ ಒಂದು ಕಿಂಡಿಯನ್ನು ಮಾತ್ರ ಮುಚ್ಚಿಬಿಡುತ್ತದೆ. ಉಳಿದದ್ದು ನಡೆಯುತ್ತಲೇ ಇರುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಹಿಡಿದು ಗಾಜಿನ ಕೋಣೆಗೆ ಹೋದೆ. ಇದನ್ನು ಕೂರಿಸಿದರೆ ನಾನು ಇಲ್ಲಿಗೆ ಬರಲು ಇನ್ನು ಯಾವ ನೆಪವೂ ಇರುವುದಿಲ್ಲ ಎಂಬುದು ಪ್ರತಿ ಸ್ಕ್ರೂ ಬಿಗಿಯುವಾಗಲೂ ನೆನಪಾಗುತ್ತಿತ್ತು. ಆದರೂ ಸಡಿಲ ಬಿಡಲಿಲ್ಲ.

ಅವನು ಬೆನ್ನು ಹಾಕಿ ಕೂತಿದ್ದ.

"ಕ್ಷಮಿಸಿ," ಎಂದೆ. "ತಿಳೀದೆ ಬಾಯಿಗೆ ಬಂದಿದ್ದು ಅಂದೆ."

"ಪರವಾಗಿಲ್ಲ."

"ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು."

"ಅವರ ಹೆಸರು ಹೇಗೆ ಹೇಳಲಿ?"

ನಾನು ಮುಂದಿನ ಸ್ಕ್ರೂ ಬಿಗಿದೆ. ಅವನೇ ಕುರ್ಚಿ ತಿರುಗಿಸಿದ.

"ಒಂದು ಕೇಳಲಾ? ನಾನು ಮೊದಲನೇ ಸಲ ತಪ್ಪು ಮಾಡಿದಾಗಲೇ ಆ ವೈರನ್ನ ನೀವು ತೆಗೆದುಕೊಂಡು ಹೋಗಬಹುದಿತ್ತು. ಯಾಕೆ ಬಿಟ್ಟು ಹೋದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿ ಚೀಲದ ಮೇಲೆ ಹೋಯಿತು.

"ಇನ್ನೊಂದು ಯಂತ್ರ ಬರಬಹುದು ಅಂತ..."

"ಎಲ್ಲಿಗೆ?" ಸುತ್ತ ನೋಡಿದ. "ಈ ಕೋಣೇಲಿ ಇನ್ನೊಂದು ಸ್ಟೂಲ್ ಹಾಕೋಕೂ ಜಾಗ ಇಲ್ಲ."

ಇದ್ದ ಬಿದ್ದ ಬಾಯೆಲ್ಲ ಎಲ್ಲಿ ಹೋಯಿತೋ. ಸುಳ್ಳು ಹೇಳಿ ಗೆಲ್ಲುವ ಹಾಗಿರಲಿಲ್ಲ. ಹಿಂದಿನ ದಿನವಷ್ಟೇ ನಾನೇ ಅವನಿಗೆ 'ಇಷ್ಟ ಇದ್ದರೆ ಹೇಳಬೇಕಿತ್ತು' ಎಂದು ಪಾಠ ಮಾಡಿದ್ದೆ.

"ಕೆಟ್ಟರೆ ಕರೀತೀರಿ ಅಂತ," ಎಂದೆ.

ಅವನು ನನ್ನನ್ನೇ ನೋಡಿದ. ಏನೋ ಹೇಳುವವನಿದ್ದ. ಅಷ್ಟರಲ್ಲಿ ಬಾಗಿಲು ತಟ್ಟಿ ಮುಂದಿನ ರೋಗಿ ಬಂದರು, ಅವರ ಹಿಂದೆ ಮತ್ತೊಬ್ಬರು. ಅವನು ಎದ್ದು ಹೋದ. ನಾನು ಉಳಿದ ಕೆಲಸ ಮುಗಿಸಿದೆ. ಬೇಕೆಂದೇ ಒಂದು ವೈರಿನ ಎರಡೂ ತುದಿ ಸಿಕ್ಕಿಸಿ ಪರೀಕ್ಷೆ ಮಾಡಿದೆ. ಒಂದು ದೀಪ ಹಳದಿಯಾಗಿ ನಿಂತಿತು. ಉಳಿದವು ತಮ್ಮ ಪಾಡಿಗೆ ಹಸಿರಾಗಿ ಮಿನುಗುತ್ತಿದ್ದವು. ಮೇಲಿಂದ ಡಾಕ್ಟರಮ್ಮ ಚಿತ್ರ ಬಂತೆಂದು ಕೂಗಿ ಹೇಳಿದರು. ನನ್ನ ಬದುಕಿನ ಒಳ್ಳೆಯ ಕೆಲಸಗಳಲ್ಲಿ ಅದೊಂದು. ಚೀಲ ಹೆಗಲಿಗೆ ಹಾಕಿಕೊಂಡು, ಯಂತ್ರದ ಮುಂದೆ ಯಾರದೋ ಭುಜ ಸರಿಪಡಿಸುತ್ತಿದ್ದವನಿಗೆ ಗಾಜಿನಿಂದಲೇ ತಲೆಯಾಡಿಸಿ ಹೊರಟೆ.

ಹಾಲ್ ತುಂಬ ಜನ ಕಾಯುತ್ತಿದ್ದರು. ಚಿಕ್ಕಮ್ಮ ತಲೆ ಬಗ್ಗಿಸಿ ಕೂತಿದ್ದರು. ಬಾಗಿಲ ಹತ್ತಿರ ಬಂದಿದ್ದೆ.

"ಒಂದು ನಿಮಿಷ!"

ಆ ದನಿ ಅಷ್ಟು ದೊಡ್ಡದಾಗಿ ಬಂದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲ ತಲೆಗಳೂ ತಿರುಗಿದವು. ಅವನು ಸೀಸದ ಏಪ್ರನ್ ಬಿಚ್ಚದೆಯೇ ಹಾಲಿನ ಮಧ್ಯೆ ನಿಂತಿದ್ದ. ಜನ ನೋಡುತ್ತಿರುವುದು ಅವನಿಗೂ ಕಾಣಿಸಿತು. ಒಂದು ಸಲ ತಡವರಿಸಿದ. ಹಿಂದಕ್ಕೆ ಹೋಗಿಬಿಡುತ್ತಾನೆ ಎಂದುಕೊಂಡೆ.

ಹೋಗಲಿಲ್ಲ.

"ನಾಳೆ ಬನ್ನಿ," ಎಂದ. "ಏನೂ ಕೆಟ್ಟಿರಲ್ಲ. ನಿಮ್ಮ ಸ್ವಿಚ್ಚು ಇನ್ನು ಕೆಡೋದೂ ಇಲ್ಲ. ನನಗೆ ನಿಮ್ಮನ್ನ ನೋಡಬೇಕು, ಅದಕ್ಕೆ ಬನ್ನಿ. ನಾಡಿದ್ದೂ ಬನ್ನಿ. ನನಗೆ ನೀವಂದ್ರೆ ಇಷ್ಟ. ಇದನ್ನ ಯಾರು ಕೇಳಿಸಿಕೊಂಡ್ರೂ ಪರವಾಗಿಲ್ಲ, ಯಾರಿಗೆ ಹೇಳಿಕೊಂಡ್ರೂ ಪರವಾಗಿಲ್ಲ."

ಚಿಕ್ಕಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು, ಬೆರಳುಗಳ ಮೇಲೆ ಕಣ್ಣೀರು ಇಳಿಯುತ್ತಿತ್ತು. ಮೂಲೆಯ ಬೆಂಚಿನಿಂದ ಒಬ್ಬ ಅಜ್ಜಿ ನನಗೆ, "ಏನಾದ್ರೂ ಹೇಳಮ್ಮ, ಪಾಪ ನಿಂತಿದ್ದಾನೆ" ಎಂದರು.

"ಬರ್ತೀನಿ," ಎಂದೆ.

ನನ್ನ ದನಿ ಎಷ್ಟು ಸಣ್ಣಗೆ ಬಂತೆಂದರೆ ಪಕ್ಕದ ಅಜ್ಜಿಗೂ ಕೇಳಿಸಲಿಲ್ಲ. "ಏನಂದ್ಲು?" ಎಂದು ಅವರು ಅವನನ್ನು ಕೇಳಿದರು.

"ಬರ್ತಾರಂತೆ," ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ.